ನಾರ್ವೆಯಮ್ಮನ ಹೆಸರು ಹುಡುಕಿಕೊಂಡು

ನರಸಿಂಹರಾಜಪುರದ ಬಸ್ ನಿಲ್ದಾಣದಲ್ಲಿ ಕೊಪ್ಪದ ಬಸ್ಸಿಗೆ ಕಾದು ಕಾದು, ಹೊರಡುವ ಮೊದಲೇ ನನಗೆ ಈ ಪ್ರಯಾಣ ಸಾಕಾಗಿತ್ತು. ದಾವಣಗೆರೆಯಿಂದ ರಜೆ ಹಾಕಿಸಿ ನನ್ನನ್ನು ಎಳೆದು ತಂದವಳು ಅತ್ತೆ, ಅಪ್ಪನ ಅಕ್ಕ. ಶೃಂಗೇರಿ ಹತ್ತಿರದ ಅಡ್ಡಗದ್ದೆಯಲ್ಲಿ ಹುಟ್ಟಿ, ಮದುವೆಯಾಗಿ ಈ ನರಸಿಂಹರಾಜಪುರಕ್ಕೆ, ನಮ್ಮ ಬಾಯಲ್ಲಿ ಬರೀ ಪುರಕ್ಕೆ, ಬಂದವಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಅವಳ ಅಜ್ಜಿ. ಆ ಅಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮುಂದಿನ ವಾರ ಅಡ್ಡಗದ್ದೆಯ ಮನೆಯಲ್ಲಿ ಹಿರಿಯರ ಹಬ್ಬ. ಎಡೆ ಇಟ್ಟು, ಸತ್ತವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುವುದು ನಮ್ಮ ಪದ್ಧತಿ.

“ಬರೀ ಅಜ್ಜಿ ಬಾ ಅಂದ್ರೆ ಯಾವ ಅಜ್ಜಿ ಬರ್ಬೇಕು? ಆ ಮನೇಲಿ ಸತ್ತಿರೋ ಅಜ್ಜೀರು ಒಬ್ರಾ ಇಬ್ರಾ?” ಎಂದು ಅತ್ತೆ ಕೇಳಿದ್ದಳು.

ಕೊಪ್ಪದಲ್ಲಿ ಇಳಿದು ಇಡ್ಲಿ ತಿನ್ನುವಷ್ಟರಲ್ಲಿ ಶೃಂಗೇರಿ ಬಸ್ಸು ತಪ್ಪಿತು. ಮಳೆ ಬಿಟ್ಟು ವಾರವಾಗಿ ಸೆಕೆ ಬೇರೆ. ಮುಂದಿನ ಬಸ್ಸಿನಲ್ಲಿ ಶೃಂಗೇರಿಯವರೆಗೂ ನಿಂತೇ ಹೋದೆವು. ಅಲ್ಲಿಂದ ಆಟೋ ಹಿಡಿದು ಅಡ್ಡಗದ್ದೆ ಸೇರಿದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಆ ಮನೆಯಲ್ಲಿರುವ ಚಿಕ್ಕಪ್ಪ ಜಂಬದಿಂದ ಬೀರು ತೆಗೆದು, ಜಮೀನಿನ ಕೆಲಸಕ್ಕೆಂದು ಮಾಡಿಸಿದ್ದ ವಂಶವೃಕ್ಷ ತೋರಿಸಿದ. ಅದರಲ್ಲಿ ಬರೀ ಗಂಡಸರು! ಹೆಂಗಸರಿಲ್ಲದೆ ಇಷ್ಟು ಜನ ಹುಟ್ಟಿದ್ದಾದರೂ ಹೇಗೆ ಎಂದು ಕೇಳಬೇಕೆನ್ನಿಸಿತು. ಚಿಕ್ಕಮ್ಮ ಬಡಿಸುತ್ತಿದ್ದಳೆಂದು ಎಲೆಯ ಮುಂದೆ ಹೋಗಿ ಕೂತೆ.

ಪಕ್ಕದ ಮನೆಯ ಮಂಜಪ್ಪಜ್ಜ ಊರಿಗೇ ಹಿರಿಯ. ಕಾಫಿ ಕುಡಿಯದೆ ಅವನ ಜಗಲಿಯಲ್ಲಿ ಯಾವ ಮಾತೂ ಶುರುವಾಗುವುದಿಲ್ಲ. ಕಾಫಿ ಆಯಿತು, ಬಾಳೆಹಣ್ಣು ಆಯಿತು, ಎಲೆ ಅಡಿಕೆಯೂ ಆಯಿತು.

“ಯಾರು, ನಾರ್ವೆಯಮ್ಮನಾ? ಚೆನ್ನಾಗಿ ಗೊತ್ತು ಮಾರಾಯ್ತಿ! ಅವರ ಕೈ ಕಡುಬು ಎಷ್ಟು ತಿಂದಿದೀನಿ!”

“ಹೆಸರು ಎಂತ ಅಜ್ಜ?” ಅತ್ತೆ ಮುಂದಕ್ಕೆ ಬಾಗಿದಳು.

“ಹೇಳಿದ್ನಲ್ಲ. ನಾರ್ವೆಯಮ್ಮ.”

ಸೊಸೆಯಾಗಿ ಬಂದವಳನ್ನು ತವರೂರಿನ ಹೆಸರಿನಿಂದ ಕರೆಯುವುದು ಈ ಕಡೆಯ ರೂಢಿ. ಅಜ್ಜಿ ಕೊಪ್ಪದ ಹತ್ತಿರದ ನಾರ್ವೆಯವಳು. ಸರಿ, ಹುಟ್ಟಿದ ಮನೆಯಲ್ಲಾದರೂ ಹೆಸರು ಸಿಕ್ಕೀತೆಂದು ಮರುದಿನ ಬೆಳಿಗ್ಗೆ ಬಂದ ದಾರಿಯಲ್ಲೇ ಕೊಪ್ಪಕ್ಕೆ ವಾಪಸಾಗಿ ನಾರ್ವೆಗೆ ಹೋದೆವು.

ಅಲ್ಲಿ ಅಜ್ಜಿಯ ತಮ್ಮನ ಮಗ, ಹಲ್ಲಿಲ್ಲದ ತಿಮ್ಮಪ್ಪಣ್ಣ, ಅತ್ತೆಯನ್ನು ಕಂಡು ಹಿಗ್ಗಿ ಹೋದ. “ನಮ್ಮ ಅಡ್ಡಗದ್ದೆ ಅತ್ತೆ ಮೊಮ್ಮಗಳಾ ನೀನು? ಎಂಥಾ ಒಳ್ಳೆ ಜೀವ ಅದು! ಬಂದಾಗೆಲ್ಲ ನಂಗೆ ಬೆಲ್ಲ ಕೊಡ್ತಿತ್ತು.”

“ಅಜ್ಜಿ ಹೆಸರು?” ಎಂದಳು ಅತ್ತೆ.

“ಅಡ್ಡಗದ್ದೆ ಅತ್ತೆ ಅಂತಲೇ.”

“ಮದುವೆಗೆ ಮೊದಲು ಎಂತ ಕರೀತಿದ್ರು?” ಎಂದು ನಾನು ಹಲ್ಲು ಕಚ್ಚಿ ಕೇಳಿದೆ.

ಅವನು ಬಹಳ ಯೋಚಿಸಿದ. “ಕೂಸು ಅಂತಿದ್ರಂತೆ.”

ಕೂಸು ಎಂದರೆ ಹುಡುಗಿ. ಆ ಮನೆಯಲ್ಲಿ ಹುಟ್ಟಿದ ಎಲ್ಲ ಹುಡುಗಿಯರೂ ಕೂಸುಗಳೇ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ರೇಗಿತು. ಎರಡು ದಿನ, ಎರಡು ಊರು, ಲೆಕ್ಕವಿಲ್ಲದಷ್ಟು ಕಾಫಿ. ಒಂದು ಹೆಸರಿಲ್ಲ!

ಅತ್ತೆ ಅಂಗಳಕ್ಕಿಳಿದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಹಬ್ಬದ ದಿನ ಸತ್ತೋರೆಲ್ಲ ಒಳಗೆ ಉಣ್ತಿರ್ತಾರೆ. ನನ್ನಜ್ಜಿ ಮಾತ್ರ ಯಾರಾದ್ರೂ ಕರೀತಾರಾ ಅಂತ ಹೊಸಿಲಲ್ಲೇ ನಿಂತಿರ್ತದೆ.” ನಾನೂ ಅಂಗಳಕ್ಕಿಳಿದು ಅವಳ ಪಕ್ಕ ನಿಂತೆ.

ಸಂಜೆ ಪುರದಲ್ಲಿ ಇಳಿದು ಮನೆಯ ಬೀದಿಗೆ ತಿರುಗಿದಾಗ ಎದುರುಮನೆಯ ಜಯಮ್ಮ ಗೇಟಿನಲ್ಲೇ ನಿಂತಿದ್ದರು. “ಈಗ ಬಂದ್ರಾ ಅಡ್ಡಗದ್ದೆಯಮ್ಮ?”

ಮದುವೆಯಾದಂದಿನಿಂದ ಆ ಕರೆಗೆ ಓಗೊಟ್ಟವಳು ಅತ್ತೆ. ಇವತ್ತು ಬ್ಯಾಗು ಕೆಳಗಿಟ್ಟು ನಡುಬೀದಿಯಲ್ಲಿ ನಿಂತಳು. “ಲಲಿತ. ನನ್ನ ಹೆಸರು ಲಲಿತ!”

ಜಯಮ್ಮ ಕಣ್ಣು ಪಿಳಿಪಿಳಿ ಬಿಟ್ಟರು. “ಹೌದಾ? ಆಯ್ತು, ಸಿಟ್ಟು ಮಾಡ್ಬೇಡಿ ಅಡ್ಡಗದ್ದೆಯಮ್ಮ.”

ಅತ್ತೆ ನನ್ನ ಕಡೆ ತಿರುಗಿದಳು. “ನೀನಾದ್ರೂ ನೆನಪಿಟ್ಕೋ. ನಂಗೆ ಎಡೆ ಇಡೋವಾಗ ಹೊಸಿಲಲ್ಲಿ ನಿಲ್ಲಿಸ್ಬೇಡ.”