ಹಲಗೆಯ ತಗ್ಗು

ನಮ್ಮ ಸಂಗನಬಸಪ್ಪನವರಿಗೆ ಎಪ್ಪತ್ತರ ಹತ್ತಿರ ರೋಮಿನ ಹುಚ್ಚು ಹಿಡಿಯಿತು. ವಿಜಯಪುರದಿಂದ ಬಂದು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೆಂಡತಿ ಬಂಗಾರೆವ್ವ ಹೋದ ವರ್ಷ ತೀರಿಕೊಂಡ ಮೇಲೆ, ಫಾಸ್ಟರ್ ಸಿಟಿಯ ಮನೆಯಲ್ಲಿ ಕೂತು ಕೂತು ಬೇಸತ್ತು, ಕಾಲೇಜೊಂದು ಹಿರಿಯರಿಗಾಗಿ ನಡೆಸುವ ರೋಮನ್ ಪುರಾತತ್ವದ ತರಗತಿಗೆ ಸೇರಿದರು. ಮೈಸೂರಿನವಳಾದ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಫ್ರೀವೇಯಲ್ಲಿ ಕಾರು ಓಡಿಸಲು ಅವರ ಕಣ್ಣು ಸಾಲದು, ಹಾಗಾಗಿ ಕರೆದೊಯ್ಯುವ ಚಾಕರಿ ನನ್ನದು. ದಾರಿಯುದ್ದಕ್ಕೂ ಬಂಗಾರೆವ್ವನ ಮಾತು. ನಾನೇನು ಅಷ್ಟು ತಾಳ್ಮೆಯವಳಲ್ಲ, ಆದರೂ ಕೇಳುತ್ತಿದ್ದೆ.

"ಆಕಿ ಪೂರಾ ಇಲ್ಲಿಯಾಕಿನ ಆಗಿಬಿಟ್ಟಿದ್ಲು ಜಲಜಮ್ಮಾರ. ಊರ ನೆನಸಿ ಒಂದ ದಿನಾನೂ ಅತ್ತಾಕಿ ಅಲ್ಲ," ಎನ್ನುವರು. ಹಾಗೆ ಹೇಳಿ ನನ್ನ ಮುಖ ನೋಡುವರು, ನಾನು ಹೌದೆನ್ನಲಿ ಎಂದು. ಆಕೆ ಇಲ್ಲಿ ಸುಖವಾಗಿದ್ದಳೋ ಇಲ್ಲವೋ ಎಂಬ ಒಂದೇ ಚಿಂತೆ ಅವರನ್ನು ಕೊರೆಯುತ್ತಿತ್ತು.

ಬಂದ ಹೊಸದರಲ್ಲಿ, ಅಪಾರ್ಟ್‌ಮೆಂಟಿನ ಮಹಡಿಯಲ್ಲಿದ್ದಾಗ, ಬಂಗಾರೆವ್ವ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದರಂತೆ. ಕೆಳಗಿನ ಮನೆಯವನು ಸದ್ದು ತಾಳದೆ ದೂರು ಕೊಟ್ಟ. ಇವರು ಹೆದರಿ "ಇನ್ನ ರೊಟ್ಟಿ ಬ್ಯಾಡ" ಎಂದುಬಿಟ್ಟರು. ಮರುದಿನದಿಂದ ಗ್ರೋಸರಿಯ ಟೋರ್ಟಿಯಾ, ಮೆಕ್ಸಿಕೋದವರ ತೆಳು ರೊಟ್ಟಿ. ಆಕೆ ನೊಂದುಕೊಳ್ಳಬಾರದೆಂದು "ಇದ ಚಲೋ ಐತಿ, ಮೆತ್ತಗ" ಎಂದು ಹೊಗಳಿ ತಿಂದರು. ಸ್ವಂತ ಮನೆ ಕೊಂಡ ಮೇಲೂ ಟೋರ್ಟಿಯಾ ತಪ್ಪಲಿಲ್ಲ. ಆಕೆಗೆ ಅದರ ರುಚಿ ಹತ್ತಿದೆ ಎಂದುಕೊಂಡರು.

ತರಗತಿಯಲ್ಲಿ ನಮ್ಮ ಟೀಚರ್ ಹೇಳುತ್ತಿದ್ದರು: ದೂರದ ಪ್ರಾಂತ್ಯದ ಹಳ್ಳಿಮನೆಯಲ್ಲಿ ರೋಮನ್ ಮಾದರಿಯ ಕೆಂಪು ತಟ್ಟೆ ಸಿಕ್ಕರೆ ಸಾಕು, ಆ ಮನೆಯವರು ರೋಮನ್ನರಾದರು ಎಂದು ಹಿಂದಿನ ಪಂಡಿತರು ಬರೆದುಬಿಡುತ್ತಿದ್ದರು. ಈಗಿನವರು ಒಪ್ಪುವುದಿಲ್ಲ. ಅದರಲ್ಲಿ ಏನು ಉಂಡರು, ಅದು ಎಲ್ಲಿ ಸವೆದಿದೆ ಎಂದು ಹುಡುಕುತ್ತಾರೆ. ರೋಮಿನ ತಟ್ಟೆಯಲ್ಲಿ ಅಜ್ಜಿ ಕಾಲದ ಗಂಜಿ ಕುಡಿದಿರಬಹುದಲ್ಲ! ನನಗೆ ಈ ವಾದ ಬಹಳ ಹಿಡಿಸಿತು. ಸಂಗನಬಸಪ್ಪನವರು ಮಾತ್ರ ಹಳೆಯ ಪಂಡಿತರ ಪಕ್ಷ.

ಒಂದು ವಾರ ಟೀಚರ್, ಮನೆಯಿಂದ ಒಂದು ವಸ್ತು ತಂದು, ಅದನ್ನು ಬಳಸಿದವರು ಎಂಥವರು ಹೇಳಿ ಎಂದರು. ಇವರು ತಂದದ್ದು ಬಂಗಾರೆವ್ವನ ದಪ್ಪ ಮರದ ಹಲಗೆ, ಅಡುಗೆಮನೆಯ ಕೆಳಗಿನ ಕಪಾಟಿನ ಮೂಲೆಯಲ್ಲಿ ಸಿಕ್ಕದ್ದು. ಅಂಚಿನಲ್ಲಿ ಇಲ್ಲಿಯ ಅಂಗಡಿಯ ಮುದ್ರೆ. "ತರಕಾರಿ ಹೆಚ್ಚುವ ಹಲಗೆ. ನನ್ನ ಹೆಂಡತಿ ಪೂರ್ತಿ ಅಮೆರಿಕದವಳಾಗಿದ್ದಳು," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು.

ಟೀಚರ್ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಚಾಕುವಿನ ಗೆರೆ ಎಲ್ಲಿ?" ಎಂದರು.

ಒಂದೂ ಇರಲಿಲ್ಲ. ನಡುವೆ ತಟ್ಟೆಯಗಲ ತಗ್ಗು, ನುಣ್ಣಗೆ ಸವೆದಿತ್ತು. ಮರದ ಸೀಳಿನಲ್ಲಿ ಬಿಳಿ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಹಿಂಬದಿಗೆ ಹಳೆಯ ಯೋಗ ಮ್ಯಾಟು ಕತ್ತರಿಸಿ ಮೂರು ಪದರ ಅಂಟಿಸಿತ್ತು. ಜಾರದಿರಲಿ ಎಂದು ಅಂಟಿಸಿದ್ದಾಳೆ ಎಂದುಕೊಂಡಿದ್ದರು ಈ ಪುಣ್ಯಾತ್ಮ.

ಸಂಗನಬಸಪ್ಪ ತಗ್ಗಿನಲ್ಲಿ ಅಂಗೈ ಇಟ್ಟರು. "ರೊಟ್ಟಿ ಬಡದ ಬಡದ ಬಿದ್ದ ತಗ್ಗರೀ ಇದು," ಎಂದು ನನ್ನ ಕಡೆ ತಿರುಗಿ, ಹಲಗೆ ಮಗುಚಿ ಆ ಮ್ಯಾಟನ್ನು ಒತ್ತಿ ನೋಡಿದರು.

ವಾಪಸು ಬರುವಾಗ ಇಂಡಿಯನ್ ಗ್ರೋಸರಿ ಹತ್ತಿರ "ಇಲ್ಲೆ ಒಂಚೂರು ನಿಂದರಸ್ರಿ" ಎಂದು ಇಳಿದು ಜೋಳದ ಹಿಟ್ಟು ತಂದರು. ಮನೆಗೆ ಹೋದವರೇ ಬಿಸಿನೀರು ಹಾಕಿ ನಾದಿದರು. ಮುದ್ದೆ ಊರಿನವಳಾದ ನನಗೆ ಸಹಾಯ ಮಾಡಲೂ ಬರದು.

"ಜಲಜಮ್ಮಾರ, ಹಾಲಿನಾಗ ನನ್ನ ಕುರ್ಚಿಮ್ಯಾಲೆ ಕುಂದರ್ರಿ. ರಜಾ ದಿನಾ ನಾ ಅಲ್ಲೇ ಪೇಪರ್ ಓದ್ತಿದ್ದೆ."

ಹೋಗಿ ಕೂತೆ. ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಇನ್ನೂ ಬಡಿಯಲು ಶುರು ಮಾಡಿಲ್ಲವೇನೋ ಎಂದು ಎದ್ದು ಬಂದು ನೋಡಿದರೆ, ಹಣೆಯಲ್ಲಿ ಬೆವರು, ಆ ಹಲಗೆಯ ಮೇಲೆ ಕೈಯೆತ್ತಿ ಎತ್ತಿ ಬಡಿಯುತ್ತಿದ್ದಾರೆ. ರೊಟ್ಟಿ ಹರಿದು ನಾಲ್ಕು ಚೂರಾಗಿತ್ತು.

"ಕೇಳಿಸ್ತೇನ್ರಿ?"

ಕೇಳಿಸಿತು ಎನ್ನಬೇಕೆನಿಸಿತು. ನನ್ನ ನಾಲಿಗೆಗೆ ಸುಳ್ಳು ಬರಲಿಲ್ಲ. "ಇಲ್ಲ ಸಾರ್," ಎಂದೆ.

ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. "ನನಗೂ ರೊಟ್ಟೀನ ಬೇಕಾಗಿತ್ತರೀ," ಎಂದರು.