ಕೀನ್ಯಾದ ಕೂಸು, ಸಿರಸಂಗಿಯ ಮಾತು

ಇದನ್ನು ಹೇಳುವುದನ್ನು ನಾನು ಮೂರು ವರ್ಷದಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದೇನೆ. ಆಫ್ರಿಕಾದ ಬಗ್ಗೆ ಏನಾದರೂ ಬರೆ ಎಂದು ಊರಿನ ಗೆಳೆಯರು ಕೇಳಿದಾಗಲೆಲ್ಲ ಇಲ್ಲಿಯ ಮಳೆ, ಕೆಂಪು ಮಣ್ಣು, ಆಳೆತ್ತರ ಮೀರಿದ ಕಬ್ಬು ಇಷ್ಟನ್ನೇ ಬರೆದು ಕಳಿಸಿ ಸುಮ್ಮನಾಗಿದ್ದೇನೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬರೆಯಬೇಕಾದದ್ದೂ ಇರಲಿಲ್ಲ.

ಕೀನ್ಯಾಕ್ಕೆ ಬಂದ ಎಂಟನೆಯ ದಿನ ಮುಂಜಾನೆ ಗಂಟೆಗಳ ಸದ್ದಿಗೆ ಎಚ್ಚರವಾಯಿತು. ಎತ್ತುಗಳು ಹೊಲಕ್ಕೆ ಹೊರಟಿವೆ ಎಂದುಕೊಂಡೆ. ಆಮೇಲೆ ಎಲ್ಲಿದ್ದೇನೆಂಬುದು ನೆನಪಾಯಿತು. ಮಗ ಕೆಲಸ ಮಾಡುವ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನ ಬೇಲಿಯಾಚೆ ಹದಿನಾಲ್ಕರ ಹುಡುಗನೊಬ್ಬ ಬರಿಮೈಯಲ್ಲಿ, ನೆತ್ತಿಯಿಂದ ಪಾದದವರೆಗೆ ಬೂದು ಕೆಸರು ಬಳಿದುಕೊಂಡು, ಕೈಯ ಗಂಟೆಗಳನ್ನು ಬಡಿಯುತ್ತ ನಡೆಯುತ್ತಿದ್ದ. ಹಿಂದೆ ಜನ ಹಾಡುತ್ತ, ಕುಣಿಯುತ್ತ ಬರುತ್ತಿದ್ದರು. ಅವನೊಬ್ಬ ಮಾತ್ರ ನಗುತ್ತಿರಲಿಲ್ಲ.

ಕಾವಲುಗಾರ ವೆಕೇಸಾ ವಿವರಿಸಿದ. ಹುಡುಗನಿಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನ ಅಪ್ಪನ ಅಂಗಳದಲ್ಲಿ ತೊಹಾರಾ. ನಮ್ಮ ಕಡೆ ಮುಸಲ್ಮಾನರಲ್ಲಿ ಮುಂಜಿ ಎನ್ನುತ್ತೇವಲ್ಲ, ಮುಂದೊಗಲು ತೆಗೆಯುವುದು, ಅದೇ. ಇಲ್ಲಿಯವರು ಚರ್ಚಿಗೆ ಹೋಗುವ ಜನ, ಆದರೂ ಇದು ಹಿರಿಯರಿಂದ ಬಂದ ರೂಢಿ. ಹುಡುಗ ನಿಂತೇ ಇರಬೇಕು, ಅಳುಕಿದರೆ ಮನೆತನದ ಮರ್ಯಾದೆ ಹೋಯಿತು. ನಿಮ್ಮಲ್ಲಿ ಯಾವ ವಯಸ್ಸಿಗೆ ಎಂದು ಕೇಳಿದ. ನಮ್ಮ ಜನರಲ್ಲಿ ಅದಿಲ್ಲ ಎಂದೆ. ಅವನು ನನ್ನ ಬಿಳಿ ಮೀಸೆಯನ್ನು ನೋಡಿ, ಹಾಗಾದರೆ ನೀನಿನ್ನೂ ಹುಡುಗನೇ ಬಾಬು ಎಂದು ನಕ್ಕ. ಬಾಬು ಎಂದರೆ ಇಲ್ಲಿ ಅಜ್ಜ. ನನಗೆ ನಗು ಬರಲಿಲ್ಲ. ಒಳಗೆ ಸೊಸೆಗೆ ಏಳು ತಿಂಗಳಾಗಿತ್ತು.

ನಾನು ಸುರೇಬಾನದವನು. ಹತ್ತನೇ ಇಯತ್ತೆ ಪಾಸಾಗಿ, ರಾಮದುರ್ಗದ ಒಂದು ಅರಿವೆ ಅಂಗಡಿಯಲ್ಲಿ ಮೂವತ್ತು ವರ್ಷ ಬಟ್ಟೆ ಅಳೆದು ಹರಿದೆ. ಮಗ ಮಹಾಂತೇಶ ಬೈಲಹೊಂಗಲ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನಿನ ಕೆಲಸ ಕಲಿತ. ಕಬ್ಬಿನ ರಸವನ್ನು ಹದವಾಗಿ ಕುದಿಸಿ ಹರಳು ಕಟ್ಟಿಸುವುದು ಆ ಕೆಲಸ. ಅದು ಬಲ್ಲವರಿಗೆ ಈ ದೇಶದಲ್ಲಿ ಬೇಡಿಕೆಯಿದೆ. ಸೊಸೆ ಶಾಂತಾ ಸಿರಸಂಗಿಯವಳು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು, ಆದರೆ ಅವಳ ತಾಯಿ ತೀರಿಕೊಂಡಿದ್ದಳು. ನನ್ನ ಹೆಂಡತಿಯೂ ಇರಲಿಲ್ಲ. ಹೀಗಾಗಿ ಬೀಗರು, ಎಂದರೆ ಶಾಂತಾಳ ತಂದೆ, ತಮ್ಮ ಹಿರಿಸೊಸೆಯಿಂದ ಅಂಟಿನ ಉಂಡಿ ಕಟ್ಟಿಸಿ, ಬಾಣಂತಿಗೆ ಬೇಕಾದ ಅಳ್ವಿ ಕಾಳು, ಲೋಬಾನದ ಧೂಪ ಎಲ್ಲ ಗಂಟು ಹಾಕಿ ನನ್ನ ಕೈಗಿಟ್ಟರು. ಅರವತ್ತೆಂಟರ ಗಂಡಸು ಬಾಣಂತನ ಮಾಡಲು ವಿಮಾನ ಹತ್ತಿದೆ.

ಮನೆ ತಗಡಿನ ಸೂರಿನದು. ನಮ್ಮಲ್ಲಿ ಮಳೆಗಾಗಿ ಮುಗಿಲು ನೋಡುತ್ತೇವೆ. ಇಲ್ಲಿ ಮಧ್ಯಾಹ್ನವಾದರೆ ಸಾಕು, ತಗಡಿನ ಮೇಲೆ ಮಳೆ ಬಿದ್ದು ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಇಲ್ಲಿಯವರ ಊಟ ಉಗಾಲಿ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಜೊತೆಗೆ ಸುಕುಮಾ ಎಂಬ ಸೊಪ್ಪಿನ ಪಲ್ಯ. ಎರಡು ವಾರ ಹುಡುಕಿ ಸಂತೆಯಲ್ಲಿ ಜೋಳ ಕಂಡುಹಿಡಿದೆ. ಕೆಂಪು ಜೋಳ. ರೊಟ್ಟಿ ಇಟ್ಟಿಗೆಯ ಬಣ್ಣಕ್ಕೆ ಬಂತು, ಅಂಚು ಒಡೆಯಿತು. ಆದರೂ ಶಾಂತಾ ಎರಡು ರೊಟ್ಟಿ ಉಂಡು ಮೂರನೆಯದನ್ನು ಕೇಳಿದಳು. ಅಂದು ನನಗೆ ಈ ದೇಶದಲ್ಲಿ ಕಾಲೂರಿದಂತಾಯಿತು. ಉಳಿದ ಹೊತ್ತು ಮಾತಿಗೆ ಜನವಿರಲಿಲ್ಲ. ವೆಕೇಸಾನ ಹತ್ತಿರ ನನ್ನ ಹತ್ತನೇ ಇಯತ್ತೆಯ ಇಂಗ್ಲಿಷ್ ಐದು ನಿಮಿಷಕ್ಕೆ ಮುಗಿಯುತ್ತಿತ್ತು.

ಗಂಡು ಕೂಸು ಹುಟ್ಟಿತು. ಲಿಂಗ ಕಟ್ಟಲು ಇಲ್ಲಿ ಜಂಗಮ ಅಯ್ಯಗಳಿಲ್ಲ. ಊರಿನ ಅಯ್ಯಗಳು ಹೇಳಿಕೊಟ್ಟಿದ್ದಂತೆ ನಾನೇ ಸ್ನಾನ ಮಾಡಿ, ವಿಭೂತಿ ಹಚ್ಚಿ ಕಟ್ಟಿದೆ. ಆ ದಿನದಿಂದ ನನ್ನೊಳಗೆ ಒಂದು ಬಿಗುಮಾನ ಬಂತು. ಈ ಪರದೇಶದಲ್ಲಿ ನಮ್ಮ ಆಚಾರ ಕಾಯುವವನು ನಾನೊಬ್ಬನೇ ಎಂಬಂತೆ.

ಇಪ್ಪತ್ತನೆಯ ದಿನ ಕೂಸಿಗೆ ಜ್ವರ ಬಂತು. ಮೂತ್ರದಲ್ಲಿ ಸೋಂಕು. ಅದು ಇಳಿದ ಮೇಲೆ ಇಲ್ಲಿಯ ಆಸ್ಪತ್ರೆಯ ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಒಂದು ಮೂತ್ರಪಿಂಡ ಹುಟ್ಟುವಾಗಲೇ ಬಾತಿದೆ, ಮೂತ್ರ ಹಿಂದಕ್ಕೆ ಹರಿಯುತ್ತದೆ, ಸೋಂಕು ಮತ್ತೆ ಬಂದರೆ ಅದು ಕೆಡಬಹುದು. ಮುಂದೊಗಲು ತೆಗೆಸಿದರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒತ್ತಾಯವಿಲ್ಲ, ಮನೆಯಲ್ಲಿ ಯೋಚಿಸಿ ಹೇಳಿ ಎಂದಳು.

ನಾನು ಅವಳ ಚಿತ್ರವನ್ನು ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಅವಳೂ ಇದೇ ಊರಿನವಳು. ತಮ್ಮ ರೂಢಿಯನ್ನೇ ಔಷಧವೆಂದು ನಮಗೆ ಕೊಡುತ್ತಿದ್ದಾಳೆ ಎಂದುಕೊಂಡೆ. ಕೆಸರಿನ ಹುಡುಗ ಕಣ್ಣಮುಂದೆ ಬಂದ. ಊರಿನಲ್ಲಿ ಏನಂದಾರು, ನಾಳೆ ಇವನಿಗೆ ಹೆಣ್ಣು ಕೇಳಲು ಹೋದರೆ ಏನಂದಾರು? ಮೂವತ್ತು ದಿನದ ಕೂಸಿನ ಮದುವೆಯ ಚಿಂತೆ ನನಗೆ ಹತ್ತಿತು. ಅದರ ಜ್ವರದ ಚಿಂತೆ ಅಷ್ಟು ಹತ್ತಲಿಲ್ಲ.

ಮಹಾಂತೇಶನಿಗೆ ಹನ್ನೆರಡು ತಾಸಿನ ಪಾಳಿ. ಶಾಂತಾ ಹೂಂ ಅಂದರೆ ತಾನೂ ಹೂಂ ಎಂದ. ಶಾಂತಾ ಎರಡು ದಿನ ಕೂಸನ್ನು ತೊಡೆಯ ಮೇಲಿಂದ ಇಳಿಸದೆ ಕೂತಳು. ಮೂರನೆಯ ದಿನ ನನ್ನ ಹತ್ತಿರ ಬಂದಳು.

"ಮಾವಾರ, ಅಪ್ಪಗ ನಾ ಹೆಂಗ ಕೇಳ್ಲಿರಿ ಇಂಥಾದ್ದು? ನೀವ ಒಂದ ಮಾತ ಕೇಳ್ರಿ. ಅಪ್ಪ ಏನಂತಾರೋ ಹಂಗ ಮಾಡೂಣು."

ನಮ್ಮಲ್ಲಿ ಇದು ರೂಢಿಯೇ. ಗಂಡುಕೂಸಿನ ಮೈಯ ಮಾತನ್ನು ಮಗಳು ತಂದೆಯ ಮುಂದೆ ಎತ್ತುವುದಿಲ್ಲ. ತಾಯಿ ಇದ್ದರೆ ತಾಯಿಯ ಮೂಲಕ, ಇಲ್ಲದಿದ್ದರೆ ಹಿರಿಯರ ಮೂಲಕ. ನಾನು ಫೋನ್ ಹಿಡಿದು ಬೇಲಿಯ ಹತ್ತಿರದ ಪೇರಲ ಗಿಡದ ಕೆಳಗೆ ಹೋದೆ. ಬೀಗರು ಬೇಡ ಎನ್ನುತ್ತಾರೆ ಎಂಬ ಭರವಸೆ ನನಗಿತ್ತು. ನನಗಿಂತ ಹೆಚ್ಚು ಮಡಿವಂತರು, ಪೂಜೆಯಾಗದೆ ನೀರು ಮುಟ್ಟದವರು.

ಅವರು ಎಲ್ಲವನ್ನೂ ಕೇಳಿದರು. ಕೂಸಿಗೆ ನೋವಾಗುತ್ತದೆಯೇ ಎಂದು ಎರಡು ಸಲ ಕೇಳಿದರು. ಆಮೇಲೆ ಹೇಳಿದರು:

"ಬೀಗ್ರ, ಎತ್ತಿಗೆ ಬ್ಯಾನಿ ಬಂದ್ರ ಓಣ್ಯಾಗ ಕೇಳಿ ಔಷಧ ಹಾಕತೇವೇನ್ರಿ? ಡಾಕ್ಟರ್ ಹೇಳ್ಯಾರಂದ್ರ ಮಾಡಿಸಿಬಿಡ್ರಿ."

"ಲಿಂಗಾ ಕಟ್ಟಿದ ಕೂಸರಿ ಅದು," ಎಂದೆ.

"ಕೊರಳಾನ ಲಿಂಗಾ ತಗೀರಿ ಅಂತ ಯಾರೂ ಅಂದಿಲ್ಲಲ್ರಿ. ಮಂದಿ ಏನರ ಅಂದ್ರ ನನ್ನ ಮ್ಯಾಲೆ ಹಾಕ್ರಿ."

ಫೋನ್ ಇಟ್ಟೆ. ಒಳಗೆ ಹೋದಾಗ ಶಾಂತಾ ಬಾಗಿಲಲ್ಲೇ ಇದ್ದಳು. ಏನಂದರು ಎಂದು ಕೇಳಿದಳು.

"ಬ್ಯಾಡ ಅಂದ್ರವಾ," ಎಂದೆ.

"ಅಪ್ಪ ಹಂಗಂದ್ರೇನ್ರಿ?"

"ಹೂಂ. ನಮ್ಮ ಮಂದ್ಯಾಗ ಇಂಥಾದ್ದಿಲ್ಲ ಅಂದ್ರು."

ಅವಳು ಮತ್ತೇನೂ ಕೇಳಲಿಲ್ಲ. ಹಿರಿಯರ ಮಾತನ್ನು ತಿರುಗಿ ಕೇಳುವ ಪದ್ಧತಿಯಿಲ್ಲ. ಆ ಪದ್ಧತಿಯ ಮೇಲೆ ನಂಬಿಕೆಯಿಟ್ಟೇ ನಾನು ಸುಳ್ಳು ಹೇಳಿದ್ದೆ.

ಐದು ವಾರದ ನಂತರ ಜ್ವರ ಮತ್ತೆ ಬಂತು. ಈ ಸಲ ಕೂಸು ಅಳಲೂ ಇಲ್ಲ. ಬಾಡಿಗೆ ಕಾರಿನಲ್ಲಿ ಮೂರು ತಾಸು ದೂರದ ದೊಡ್ಡಾಸ್ಪತ್ರೆಗೆ ಹೋದೆವು. ಶಾಂತಾ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದಳು, ಉಸಿರಿದೆಯೋ ಇಲ್ಲವೋ ಎಂದು. ಹನ್ನೊಂದು ದಿನ ಅಲ್ಲಿದ್ದೆವು. ಸೋಂಕು ಇಳಿದ ಮೇಲೆ ಅಲ್ಲಿಯೇ ಮುಂದೊಗಲನ್ನೂ ತೆಗೆದರು, ಯಾರೂ ಯಾರನ್ನೂ ಕೇಳಲಿಲ್ಲ. ಕೂಸು ಉಳಿಯಿತು. ಆದರೆ ಬಾತಿದ್ದ ಮೂತ್ರಪಿಂಡದ ಅರ್ಧ ಭಾಗ ಕೆಟ್ಟುಹೋಗಿತ್ತು.

ಮನೆಗೆ ಬಂದ ಸಂಜೆ ಶಾಂತಾ ತಾನಾಗಿಯೇ ತಂದೆಗೆ ಫೋನ್ ಮಾಡಿದಳು. ಕೂಸನ್ನು ಎತ್ತಿಕೊಂಡಿದ್ದರಿಂದ ಸ್ಪೀಕರ್ ಹಾಕಿದ್ದಳು. ನಾನು ಅಡುಗೆಮನೆಯಲ್ಲಿ ಬಿಸಿನೀರು ಕಾಯಿಸುತ್ತಿದ್ದೆ. ಎಂದೂ ತಂದೆಗೆ ಎದುರಾಡದ ಹುಡುಗಿ ಅಂದು ನಾಚಿಕೆ ಬಿಟ್ಟು ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು. ಕೊನೆಗೆ, "ನೀವ ಬ್ಯಾಡ ಅಂದ್ರಲ್ಲ ಯಪ್ಪಾ, ಈಗ ನೋಡ್ರಿ," ಎಂದಳು.

ಈಗ ನನ್ನ ಬಣ್ಣ ಬಯಲಾಯಿತು ಎಂದುಕೊಂಡು ಒಲೆ ಆರಿಸಿದೆ.

"ತಪ್ಪಾತವಾ," ಎಂದರು ಬೀಗರು. "ತಿಳೀಲಿಲ್ಲ ನನಗ."

ಮಗಳನ್ನು ಕೊಟ್ಟ ಮನೆಯ ಹಿರಿಯನನ್ನು ಸುಳ್ಳುಗಾರನೆಂದರೆ, ಸಮುದ್ರದಾಚೆ ಮಗಳು ಯಾರ ಜೊತೆ ಬದುಕಬೇಕು ಎಂದು ಅವರಿಗೆ ಅನಿಸಿರಬೇಕು. ಆ ಒಂದು ಕ್ಷಣದಲ್ಲಿ ಅವರು ಅಷ್ಟನ್ನೂ ಯೋಚಿಸಿದರು. ನನಗೆ ಮೂರು ವರ್ಷ ಹಿಡಿಯಿತು. ಅಂದು ನಾನು ಹೊರಗೆ ಬಂದು ಬಿಸಿನೀರಿನ ಪಾತ್ರೆ ಕೆಳಗಿಟ್ಟೆ, ಅಷ್ಟೇ.

ಶಾಂತಾ ತಂದೆಯ ಜೊತೆ ಮಾತು ಬಿಟ್ಟಳು. ತಮ್ಮನ ಮದುವೆಗೂ ಹೋಗಲಿಲ್ಲ. ಸುದ್ದಿ ಬಳಗದಲ್ಲೆಲ್ಲ ಹರಡಿತು. ಬೈಲಹೊಂಗಲದ ಒಂದು ಮದುವೆಯ ಪಂಗತಿಯಲ್ಲಿ ಯಾರೋ ಬೀಗರ ಎದುರಿಗೇ, "ಮುದುಕನ ಹಟಕ್ಕ ಮಮ್ಮಗನ ಕಿಡ್ನಿ ಹೋತು," ಎಂದರಂತೆ. ಅವರು ಊಟ ಮುಗಿಸಿ, ಕೈತೊಳೆದು, ಬಸ್ ಹಿಡಿದರಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದವನು ನನ್ನ ತಮ್ಮ, ನಗುತ್ತ ಹೇಳಿದ. ನಾನು ಹೌದೇನು ಎಂದೆ.

ಕೂಸಿಗೆ ಮೂರು ತುಂಬಿತು. ಜವಳ ತೆಗೆಸಬೇಕಿತ್ತು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿ ಮೊದಲ ಕೂದಲು ಕತ್ತರಿಸುತ್ತಾರೆ. ಇಲ್ಲಿಯವರಲ್ಲೂ ತೊಹಾರಾಕ್ಕೆ ಮುಂಚೆ ಹುಡುಗ ಸೋದರಮಾವನ ಮನೆಗೆ ಹೋಗಲೇಬೇಕೆಂದು ವೆಕೇಸಾ ಹೇಳಿದ್ದ. ಶಾಂತಾ ಮಾತ್ರ ಸಿರಸಂಗಿಯ ಹೊಸ್ತಿಲು ತುಳಿಯುವುದಿಲ್ಲ, ಇಲ್ಲೇ ಯಾರಿಂದಲಾದರೂ ತೆಗೆಸೋಣ ಎಂದಳು. ಅಂದು ನನ್ನಿಂದ ತಡೆಯಲಾಗಲಿಲ್ಲ. ಅವಳು ಸುಕುಮಾ ಹೆಚ್ಚುತ್ತಿದ್ದಳು. ಎದುರಿಗೆ ಕೂತು ಪೇರಲ ಗಿಡದಿಂದ ಬಾಗಿಲವರೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ, ಸೊಪ್ಪು ಮುಗಿಯುವ ತನಕ ಹೆಚ್ಚಿದಳು. ಬೀಗರಿಗೆ ನನ್ನ ಪರವಾಗಿ ಒಂದು ಮಾತು ತಿಳಿಸವ್ವ ಎಂದು ಬೇಡಿಕೊಂಡೆ.

"ನಿಮ್ಮ ಮಾತ ನಾ ಒಯ್ಯೂದಿಲ್ರಿ ಮಾವಾರ," ಎಂದಳು. "ನನ್ನ ಮಾತ ನೀವು ಒಯ್ದದ್ದ ಸಾಕಾತು."

ಮರುವಾರವೇ ಅವಳು ಕೂಸನ್ನು ಕರೆದುಕೊಂಡು ತವರಿಗೆ ಹೊರಟಳು. ನನ್ನನ್ನು ಬರ್ರಿ ಎನ್ನಲಿಲ್ಲ. ಅವರು ಹೋಗಿ ಹದಿನೆಂಟು ದಿನವಾಯಿತು. ಮಗ ಪಾಳಿ ಮುಗಿಸಿ ಬಂದು ನನ್ನ ಜೊತೆ ಮಾತಿಲ್ಲದೆ ಉಣ್ಣುತ್ತಾನೆ. ನಾನು ಎರಡು ಸಲ ಬೀಗರಿಗೆ ಫೋನ್ ಮಾಡಿದೆ. ಎರಡೂ ಸಲ ಅವರೇ ಎತ್ತಿ, ಊಟವಾಯಿತೇ ಎಂದು ಕೇಳಿದರು. ಎರಡೂ ಸಲ ನಾನು ಮಳೆಯ ವಿಷಯ ಮಾತಾಡಿ ಇಟ್ಟೆ.

ಊರಿಗೆ ಮರಳಿದರೆ ಅವರ ಮುಖ ನೋಡಬೇಕು. ಇಲ್ಲೇ ಉಳಿದರೆ, ಶಾಂತಾ ಬಂದ ಮೇಲೆ, ಮೊಮ್ಮಗನ ಮೈ ಬೆಚ್ಚಗಾದಾಗಲೆಲ್ಲ ಅವಳ ಮುಖ ನೋಡಬೇಕು. ಸುರೇಬಾನದವರು ನನ್ನನ್ನು ಕೀನ್ಯಾದವನು ಎನ್ನುತ್ತಾರೆ, ಇಲ್ಲಿಯವರು ಇಂಡಿಯಾದವನು ಎನ್ನುತ್ತಾರೆ. ಎರಡೂ ಕಡೆ ನನಗೆ ಕೂಡಲು ಜಾಗವಿದೆ, ತಲೆಯೆತ್ತಿ ಕೂಡಲು ಎರಡೂ ಕಡೆ ಆಗದು.

ಇದು ಕ್ಷಮೆ ಕೇಳುವ ಪತ್ರವಲ್ಲ. ಕ್ಷಮೆಯನ್ನು ಅವರ ಮನೆಯ ಬಾಗಿಲಲ್ಲಿ ನಿಂತು ಕೇಳಬೇಕು, ಆ ಧೈರ್ಯ ನನಗಿನ್ನೂ ಬಂದಿಲ್ಲ. ಸುರೇಬಾನ, ಸಾಲಹಳ್ಳಿ, ಬೈಲಹೊಂಗಲದ ನಮ್ಮ ಬಳಗದವರಿಗೆ ಇಷ್ಟು ಗೊತ್ತಿರಲಿ: ಬೇಡವೆಂದವನು ನಾನು. ಮಾಡಿಸಿರಿ ಎಂದವರು ಸಿರಸಂಗಿಯ ಶಿವರುದ್ರಪ್ಪನವರು.