ಅಳಿಲು ಕಚ್ಚುವ ದಿನ
ಫಿನ್ಲೆಂಡಿನ ನಮ್ಮ ಊರಿನಲ್ಲಿ ಐಲಾ ಅಜ್ಜಿ ಗೂಡಿನಿಂದ ಬಿದ್ದ ಅಳಿಲುಮರಿಗಳನ್ನು ಸೌನಾ ಸ್ನಾನದ ಮನೆಯಲ್ಲಿಟ್ಟು ಸಾಕುತ್ತಿದ್ದಳು. ಹಿಮ ಬೀಳುವ ಮೊದಲೇ ಬಿಡದಿದ್ದರೆ ಕಾಯಿ ಬಚ್ಚಿಡಲು, ಗೂಡು ಕಟ್ಟಲು ಸಮಯ ಸಿಗದೆ ಮರಿ ಸಾಯುತ್ತದೆ. ಆದರೂ ಅದು ತನ್ನ ಕೈ ಕಚ್ಚುವ ತನಕ ಅಜ್ಜಿ ಬಿಡುತ್ತಿರಲಿಲ್ಲ. "ನನ್ ಕೈಗೇ ಹೆದರದ್ದು ಬೆಕ್ಕಿಗೆ ಹೆದರುತ್ತಾ?" ಎನ್ನುತ್ತಿದ್ದಳು. "ಹಿಮದ ಮೋಡ ಕಟ್ಟಿದೆ ಕಣೇ! ನಿನ್ ಮಗ ಕಚ್ಚೋವರೆಗೂ ನಂಗೆ ಸ್ನಾನ ಇಲ್ವಾ?" ಎಂದು ಗಂಡ ತೌನೊ ರೇಗುತ್ತಿದ್ದ. ಕಚ್ಚಿದ ದಿನ ಅಜ್ಜಿ ರಕ್ತದ ಬೆರಳನ್ನು ಬೇಲಿಯ ಮೇಲೆತ್ತಿ ನಮಗೆಲ್ಲ ತೋರಿಸುತ್ತಿದ್ದಳು. ಮರಿಯನ್ನು ಅಂಗಳದ ಪಂಜರಕ್ಕೆ ತಂದು ಬಾಗಿಲು ತೆಗೆದು, "ಹೋಗು, ತಿರುಗಿ ನೋಡ್ಬೇಡ!" ಎಂದು ಗದರುತ್ತಿದ್ದಳು. ಆಮೇಲೆ ಚಳಿಗಾಲವಿಡೀ ಆ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಖಾಲಿ ಪಂಜರದೊಳಗೆ ತುಂಬಿದ ಹಿಮವನ್ನು ಗುಡಿಸುತ್ತಿದ್ದಳು.